ಹಿಂದಿನ ಸೀಟಿನ ಮಾತು

ಸೆಪ್ಟೆಂಬರ್ ೧೪

ಹಾಸ್ಟೆಲ್‌ವಾಸಿ ಅಮ್ಮನಿಗೆ,

ಇಲ್ಲಿ ಎಲ್ಲರೂ ಕ್ಷೇಮ, ಕುಕ್ಕರ್ ಒಂದನ್ನು ಬಿಟ್ಟು. ಅದರ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಈಗಿನ್ನೂ ದುಃಖ ಹಸಿಯಾಗಿದೆ.

"ಸಾವು-ನೋವು ಬಿಟ್ಟು ಬೇರೆ ಯಾವುದಕ್ಕೂ ಫೋನ್ ಮಾಡಕೂಡದು" ಎಂಬ ನಿನ್ನ ಸುಗ್ರೀವಾಜ್ಞೆಯನ್ನು ಶಿರಸಾ ವಹಿಸಿದ್ದೇವೆ. ನಿನ್ನ ಸಿಟ್ಟಿನಲ್ಲಿ ನ್ಯಾಯ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ನೀನು ತರಗತಿಯಲ್ಲಿ ಗುರುತ್ವಾಕರ್ಷಣೆ ಕೇಳುತ್ತಿದ್ದಾಗ ಅಪ್ಪ ಫೋನ್ ಮಾಡಿ "ಉಪ್ಪಿನ ಡಬ್ಬಿ ಎಲ್ಲೇ?" ಅಂದರು. ಅರ್ಧ ಗಂಟೆ ಬಿಟ್ಟು ನಾನು ಫೋನ್ ಮಾಡಿ "ಅಮ್ಮಾ, ಅಪ್ಪ ಉಪ್ಪಿನ ಡಬ್ಬಿ ಹುಡುಕೋಕೆ ಹೋಗಿ ಸಕ್ಕರೆ ಡಬ್ಬಿ ಎಲ್ಲೋ ಇಟ್ಬಿಟ್ರು" ಅಂದೆ. "ಕಾಗದ ಬರೀರಿ. ಕಾಗದ ನನ್ನ ಕೈ ಸೇರೋ ಹೊತ್ತಿಗೆ ಉಪ್ಪು ನಿಮ್ಮ ಕೈ ಸೇರಿರುತ್ತೆ" ಅಂತ ನೀನು ಪಟಕ್ಕನೆ ಇಟ್ಟೆ. ಸೇರಿತು. ಅಕ್ಕಿ ಡಬ್ಬಿಯೊಳಗಿತ್ತು. ಅಲ್ಲಿಗೆ ಹೇಗೆ ಹೋಯಿತು ಎಂದು ಈ ಮನೆಯಲ್ಲಿ ಯಾರೂ ಯಾರನ್ನೂ ಕೇಳುತ್ತಿಲ್ಲ.

ಈಗ ಮುಖ್ಯ ವಿಷಯ. ನೀನು ಇಷ್ಟು ವರ್ಷ ಅಲಂಕರಿಸಿದ್ದ ಕಾರಿನ ಹಿಂದಿನ ಸೀಟಿಗೆ, ಡಿಗ್ರಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಾ ಕೂತಿರುವ ನನ್ನನ್ನು ಅಪ್ಪ ನೇಮಿಸಿದ್ದಾರೆ. ಸಂಬಳ ಇಲ್ಲ, ಬೈಗುಳ ಉಂಟು. ಬೇರೆ ಡ್ರೈವಿಂಗ್ ಸ್ಕೂಲುಗಳಲ್ಲಿ ಜನ ಖಾಲಿ ಕಾರಿನಲ್ಲಿ ಕಲಿಯುತ್ತಾರೆ. ನಮ್ಮ ಸ್ಕೂಲಿನಲ್ಲಿ ಸಂಸಾರ ಸಮೇತ ಕಲಿಯಬೇಕು ಎಂಬುದು ಅಪ್ಪನ ಸಿದ್ಧಾಂತ ತಾನೇ? "ಲೈಸೆನ್ಸ್ ಬಂದ್ಮೇಲೆ ಇವರ ಕಾರಲ್ಲಿ ಮೌನವ್ರತದೋರು ಕೂರಲ್ಲ ಕಣೇ, ಮನೆಮಂದಿ ಕೂರ್ತಾರೆ. ಹಿಂದೆ ಸಂಸಾರ ನಡೀತಿರ್ಬೇಕು, ಮುಂದೆ ಕಾರು ನಡೀತಿರ್ಬೇಕು." ಸರಿ. ಆದರೆ ನನಗೆ ಸಂಸಾರ ಎಲ್ಲಿದೆ? ಮೊದಲ ದಿನ ಹಿಂದೆ ಕೂತು "ಸಿಗ್ನಲ್ ಕೆಂಪಾಯ್ತು" ಅಂದೆ. "ಅದು ನನ್ನ ಕೆಲಸ. ನೀನು ಮನೆ ಮಾತಾಡು" ಅಂದರು. ಮನೆ ಮಾತು ಅಂದರೆ ಕುಕ್ಕರಿನದು. ನನಗೆ ಅಳು ಬಂತು.

ಇದರ ಫಲ ಉಂಡವರು ಹಲ್ಲಿನ ಡಾಕ್ಟರು. ಗೊತ್ತಲ್ಲ, ನೀನು ಹೊರಡುವ ವಾರ ಸೇರಿಕೊಂಡರಲ್ಲ, ಆಕೆ. ದಿನವಿಡೀ ಊರವರಿಗೆಲ್ಲ "ಬಾಯಿ ತೆಗೀರಿ, ಏನೂ ಆಗಲ್ಲ" ಅನ್ನುವವರು ಸ್ಟಿಯರಿಂಗ್ ಹಿಡಿದ ಕೂಡಲೇ ತಾವೇ ಬಾಯಿ ತೆರೆದು ಕೂರುತ್ತಾರೆ. ಮೊನ್ನೆ ಟೆಸ್ಟು. ಇನ್ಸ್‌ಪೆಕ್ಟರು ಹಿಂದೆ ಕೂತು ಮರ್ಯಾದೆಗೆ "ಇವತ್ತು ಸ್ವಲ್ಪ ಸೆಖೆ ಅಲ್ವಾ?" ಅಂದರಂತೆ. ಡಾಕ್ಟರು ನಡುರಸ್ತೆಯಲ್ಲಿ ಕಾರು ನಿಲ್ಲಿಸಿ, ಪೂರ್ತಿ ಹಿಂದಕ್ಕೆ ತಿರುಗಿ, "ಹೌದು ಸರ್" ಅಂದರಂತೆ. ಫೇಲು. ನೀನಿದ್ದಿದ್ದರೆ ಆಕೆಗೆ ಸೆಖೆಯ ಬಗ್ಗೆ ಮಾತಾಡುತ್ತಾ ಓಡಿಸುವುದು ಎರಡನೇ ದಿನಕ್ಕೇ ಬಂದಿರುತ್ತಿತ್ತು.

ಇನ್ನೊಂದು ಸಂಶೋಧನೆ. ಅಪ್ಪನ ಸೀಟಿನ ಮುಂದೆ ಅವರದೇ ಒಂದು ಸಣ್ಣ ಕನ್ನಡಿ ಇದೆಯಲ್ಲ, ಅದು ಹಿಂದಿನ ರಸ್ತೆ ತೋರಿಸುತ್ತೆ ಅಂದುಕೊಂಡಿದ್ದೆ. ತೋರಿಸುವುದಿಲ್ಲ. ಹಿಂದೆ ಕೂತವರ ಮುಖ ಮಾತ್ರ ಕಾಣುತ್ತೆ. ಸರಿಮಾಡೋಣ ಅಂತ ಕೈ ಹಾಕಿದೆ. "ಮುಟ್ಟಬೇಡ" ಅಂದರು.

ಅಪ್ಪನ ಕಾಲಿನ ಚಾಳಿ ಹೆಚ್ಚಾಗಿದೆ. ಕಾರಿನಲ್ಲಿ ಅವರ ಕಾಲಡಿಗೆ ಎರಡನೇ ಬ್ರೇಕು ಇದೆ, ಒತ್ತುತ್ತಾರೆ, ಒಪ್ಪೋಣ. ಈಗ ಸೋಫಾದಲ್ಲಿ ಕೂತು ನೆಲ ಒತ್ತುತ್ತಾರೆ. ನಿನ್ನ ಬಸ್ಸು ಹೊರಟ ದಿನ ನಿಲ್ದಾಣದಲ್ಲೂ ಒತ್ತಿದರು. ಬಸ್ಸು ನಿಲ್ಲಲಿಲ್ಲ. ನೀನು ಆಗ ಚೀಲ ಮೇಲಿಡುತ್ತಿದ್ದೆ.

ಹೊತ್ತಿಗೆ ಸರಿಯಾಗಿ ಮಲಗು. ಕೆಟ್ಟ ಸಹವಾಸ ಮಾಡಬೇಡ.

ಇಂತಿ,
ನಿನ್ನ ಪೋಷಕಳು


ಸೆಪ್ಟೆಂಬರ್ ೨೬

ಮಗಳೇ,

ಉಪ್ಪನ್ನು ಅಕ್ಕಿ ಡಬ್ಬಿಯೊಳಗೆ ಇಟ್ಟು ಬಂದವಳು ನಾನೇ. ಇಲ್ಲದಿದ್ದರೆ ನಿಮ್ಮಪ್ಪ ಅಕ್ಕಿ ಡಬ್ಬಿಯ ಮುಚ್ಚಳ ತೆಗೆಯುವುದೇ ಇಲ್ಲ, ಹೋಟೆಲಿನಲ್ಲೇ ವರ್ಷ ಕಳೆದುಬಿಡುತ್ತಾರೆ. ಕುಕ್ಕರಿನ ವಿಷಯ ಕೇಳುವುದಿಲ್ಲ. ವಾಷರ್ ಹಾಕದೆ ಇಟ್ಟಿರುತ್ತೀಯ.

ಇಲ್ಲಿ ನಾನು ಚೆನ್ನಾಗಿದ್ದೇನೆ. ಬಂದ ದಿನ ಏನಾಯಿತೆಂದರೆ, ಮಂಚದ ಮೇಲೆ ಹಾಸಿಗೆ ಬಿಡಿಸುತ್ತಿದ್ದೆ. ವಾರ್ಡನ್ ಬಂದು "ಪೋಷಕರು ಆರು ಗಂಟೆ ಒಳಗೆ ಹೊರಡಬೇಕು" ಅಂದರು. "ನಾನೇ ಹುಡುಗಿ" ಅಂದೆ. ಆಕೆ ನನ್ನನ್ನೂ ಅರ್ಜಿಯಲ್ಲಿದ್ದ ಫೋಟೋವನ್ನೂ ಮೂರು ಸಲ ನೋಡಿ, ತೀರಾ ಮೆಲ್ಲಗೆ "ಗೇಟು ಎಂಟಕ್ಕೆ ಹಾಕ್ತೀವಿ" ಅಂದು ಹೋದರು.

ಪಾಠ ಮಾಡುವ ಮೇಷ್ಟ್ರಿಗೆ ನನಗಿಂತ ಹತ್ತು ವರ್ಷ ಕಡಿಮೆ. ಅವರು ಬಂದರೆ ನಾನು ಎದ್ದು ನಿಲ್ಲುತ್ತೇನೆ. ವಯಸ್ಸಿನಲ್ಲಿ ದೊಡ್ಡವರು ನಿಂತರಲ್ಲ ಅಂತ ಅವರು ಕೂರುವುದಿಲ್ಲ. ಅವರು ಕೂರಲಿಲ್ಲವಲ್ಲ ಅಂತ ನಾನೂ ಕೂರುವುದಿಲ್ಲ. ತರಗತಿಯ ಹುಡುಗಿಯರು ಇದನ್ನು ದಿನವೂ ಸಿನಿಮಾದಂತೆ ನೋಡುತ್ತಾರೆ. ನನ್ನ ರೂಮಿನವಳೊಬ್ಬಳು ಇದ್ದಾಳೆ, ಹದಿನೆಂಟು ತುಂಬಿದೆ. ಏನು ಹಿಡಿದರೂ ಕೈ ನಡುಗುತ್ತದೆ, ಅದಕ್ಕೇ ಎಲ್ಲರೂ ಪಿಟೀಲು ಅನ್ನುತ್ತಾರೆ. ಟೀ ಲೋಟ ತಂದುಕೊಟ್ಟರೆ ಅರ್ಧ ನನಗೆ, ಅರ್ಧ ನೆಲಕ್ಕೆ. ಪ್ರಯೋಗಾಲಯದಲ್ಲೂ ಪಕ್ಕದ ಮೇಜು ಅವಳದೇ.

ಪಾಠ ಕಷ್ಟವಾಗಿಲ್ಲ. ಆಗುವುದಾದರೂ ಹೇಗೆ? ಬಲ, ಘರ್ಷಣೆ, ಲೋಲಕ, ಎಲ್ಲ ಒಮ್ಮೆ ಕೇಳಿದ್ದೇ. ಮದುವೆಗೆ ಮುಂಚೆ ಮೊದಲ ಸೆಮಿಸ್ಟರ್ ಮುಗಿಸಿದ್ದವಳಲ್ಲವೇ ನಾನು. ಈಗ ಮತ್ತೆ ಅದರಿಂದಲೇ ಶುರು. ರಜೆಗೆಂದು ಮನೆಗೆ ಹೋದವಳು ಮದುವೆಯಾಗಿ ಕಾರು ಹತ್ತಿದೆ. ಎರಡನೇ ಸೆಮಿಸ್ಟರ್ ನನ್ನ ಪಾಲಿಗೆ ಯಾರೋ ಹೋಗಿಬಂದು ಹೇಳಿದ ಊರಿನ ಹಾಗೆ.

ಹಿಂದಿನ ಸೀಟಿನ ಗುಟ್ಟು ಹೇಳುತ್ತೇನೆ, ಕೇಳು. ರಸ್ತೆ ಬಗ್ಗೆ ತುಟಿ ಬಿಚ್ಚಬೇಡ. ಹೆದರಿದವರಿಗೆ ಧೈರ್ಯ ಹೇಳಬೇಡ, ಇನ್ನೂ ಹೆದರುತ್ತಾರೆ. ಉತ್ತರ ತುಟಿಯ ಮೇಲೇ ಇರುವ ಪ್ರಶ್ನೆ ಕೇಳಬೇಕು. ಗ್ಯಾಸ್ ಆಫ್ ಮಾಡಿದ್ರಾ? ನಲ್ಲಿ ನಿಲ್ಲಿಸಿದ್ರಾ? ಕೈಕಾಲಿಗೆ ಅವುಗಳ ಕೆಲಸ ಗೊತ್ತಿರುತ್ತದೆ. ತಲೆ ಒಂದು ಅಡ್ಡ ನಿಂತಿರುತ್ತದೆ, ಅದನ್ನು ಬೇರೆ ಕಡೆ ಕಳಿಸಿಬಿಟ್ಟರೆ ಆಯಿತು.

ಕನ್ನಡಿ ವಿಷಯ ನಾನೂ ಒಮ್ಮೆ ಕೇಳಿದ್ದೆ. "ಹಿಂದೆ ಬರೋ ಗಾಡಿ ಕಾಣ್ಲಿ ಅಂತ" ಅಂದರು. ನಾನೆಂಥ ಗಾಡಿಯೋ.

ಅವರು ನನಗೊಂದು ಸಾಲು ಬರೆದಿಲ್ಲ ಎಂಬುದನ್ನು ನಾನು ಗಮನಿಸಿಲ್ಲ. ಹಾಗಂತ ಹೇಳು.

ಇಂತಿ,
ಮೊದಲ ಬೆಂಚಿನ ಅಮ್ಮ


ಅಕ್ಟೋಬರ್ ೧೦

ಅಮ್ಮಾ,

ನೀನು ಹೇಳಿದಂತೆಯೇ ಮಾಡಿದೆ. ವೃತ್ತದ ಹತ್ತಿರ ಕಾರು ಬಂದಾಗ ಹಲ್ಲಿನ ಡಾಕ್ಟರಿಗೆ "ಮೇಡಂ, ಕ್ಲಿನಿಕ್ಕಿನ ಸ್ವಿಚ್ಚೆಲ್ಲ ಆಫ್ ಮಾಡಿದ್ರಾ?" ಅಂದೆ. ಆಕೆ "ಅಯ್ಯೋ!" ಅಂದು ವೃತ್ತವನ್ನು ಪೂರ್ತಿ ಸುತ್ತಿ ಕ್ಲಿನಿಕ್ಕಿಗೇ ಕಾರು ನುಗ್ಗಿಸಿದರು. ಅಪ್ಪನ ಎರಡನೇ ಬ್ರೇಕು ಇಲ್ಲದಿದ್ದರೆ ಕಾರು ಕಾಯುವವರ ಬೆಂಚಿನಲ್ಲಿ ನಂಬರಿಗಾಗಿ ಕೂತಿರುತ್ತಿತ್ತು. ಸ್ವಿಚ್ಚು ಆಫ್ ಆಗಿತ್ತು. ಅಪ್ಪನ ಮುಖ ಆನ್ ಆಗಿತ್ತು.

ಮಾರನೇ ದಿನ ನಾನು ಸತ್ಯಾಗ್ರಹ ಹೂಡಿದೆ. ಮಾತಾಡುವುದೇ ಇಲ್ಲವೆಂದು ಹಿಂದೆ ಕೂತು ನಿನ್ನ ಕಾಗದ ತೆಗೆದು ಓದುತ್ತಿದ್ದೆ. ಡಾಕ್ಟರು ಕನ್ನಡಿಯಲ್ಲಿ ನೋಡಿ "ಏನಮ್ಮ ಒಬ್ಬೊಬ್ಳೇ ನಗ್ತೀಯ?" ಅಂದರು. "ವಾರ್ಡನ್ ನಮ್ಮಮ್ಮನ್ನ ಪೋಷಕರು ಅಂದ್ಕೊಂಡ್ರಂತೆ" ಅಂದೆ. "ಓದಮ್ಮ ಜೋರಾಗಿ."

ಓದಿದೆ. ಆಮೇಲೆ ನಡೆದದ್ದು ಪವಾಡ. ಮೇಷ್ಟ್ರು ಕೂರದಿದ್ದದ್ದು, ನೀನು ಕೂರದಿದ್ದದ್ದು, ಪಿಟೀಲು, ಟೀ ಲೋಟ. ಡಾಕ್ಟರು ಕಿಲಕಿಲ ನಗುತ್ತಾ ಮಾರುಕಟ್ಟೆಯ ಇಕ್ಕಟ್ಟು, ಮೇಲುಸೇತುವೆ, ಎದುರಿಗೆ ಬಂದ ಲಾರಿ, ಎಲ್ಲ ದಾಟಿದರು. ಸ್ಕೂಲಿನ ಮುಂದೆ ಕಾರು ನಿಲ್ಲಿಸಿ "ಮಾರ್ಕೆಟ್ ಯಾವಾಗ ಬರುತ್ತೆ?" ಅಂತ ಕೇಳಿದರು. ಬಂದು ಹೋಗಿತ್ತು.

ಅಪ್ಪ? ಅಪ್ಪ ಕೇಳಿಸಿಕೊಳ್ಳದವರ ಹಾಗೆ ಕಿಟಕಿಯಾಚೆ ನೋಡುತ್ತಿದ್ದರು. ಆದರೆ ಸ್ಕೂಲಿನ ಹತ್ತಿರ ಬಂದಾಗ ಕಾಗದ ಇನ್ನೂ ಮುಗಿದಿರಲಿಲ್ಲ. "ಇನ್ನೊಂದು ರೌಂಡ್ ಹೋಗೋಣ, ಇವರ ಮೂರನೇ ಗೇರ್ ಸರಿಯಿಲ್ಲ" ಅಂದರು. ಮೂರನೇ ಗೇರ್ ಬೆಣ್ಣೆಯ ಹಾಗಿತ್ತು.

"ನೀವೇ ಓದಿ" ಅಂತ ಕಾಗದ ಕೊಟ್ಟರೆ "ನನಗೆ ಬಂದಿದ್ದಲ್ವಲ್ಲ" ಅನ್ನುತ್ತಾರೆ. ನೀನು ಗಮನಿಸಿಲ್ಲ ಎಂಬುದನ್ನು ಹೇಳಿದೆ. ಅವರೂ ಗಮನಿಸಿಲ್ಲವಂತೆ.

ಇನ್ನು ಮೇಲೆ ಕಾಗದ ಉದ್ದವಾಗಿ ಬರೆ. ಹೊಸದಾಗಿ ಮೂವರು ಸೇರಿಕೊಂಡಿದ್ದಾರೆ.

ಇಂತಿ,
ನಿನ್ನ ಶಬ್ದವಾಹಕಳು


ನವೆಂಬರ್ ೧೮

ಮಗಳೇ,

ಹೋದ ವಾರ ತರಗತಿಗಳು ಮುಗಿದವು. ಮೇಷ್ಟ್ರು ಹಲಗೆ ಒರೆಸಿ, ಕೈ ಕೊಡವಿ, "ಇಷ್ಟೇ" ಅಂದರು. ಇಡೀ ಬ್ರಹ್ಮಾಂಡದ ಚಲನೆಯನ್ನೆಲ್ಲ ಹೇಳಿ ಕೊನೆಗೆ "ಇಷ್ಟೇ". ಹುಡುಗಿಯರು ಹೋ ಎಂದು ಎದ್ದರು. ನಾನು ಒಬ್ಬಳೇ ಕೂತಿದ್ದೆ. ಅವರು ನಿಂತಿರುವಾಗ ನಾನು ಕೂತದ್ದು ಅದೇ ಮೊದಲು. ಇಬ್ಬರಿಗೂ ಏನೋ ತಪ್ಪಾದಂತೆನಿಸಿತು.

ಪರೀಕ್ಷೆ ಬಂತು, ಓದಬೇಕು. ಓದಲು ಕೂತರೆ ಕೂರಲಾಗುವುದಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತೇನೆ. ಪಡಸಾಲೆಯಲ್ಲಿ ಯಾರದೋ ಬಕೆಟ್ಟು ಅಡ್ಡ ಇದ್ದರೆ ಸರಿಸುತ್ತೇನೆ. ಯಾರೂ ಕೇಳದಿದ್ದರೂ ಇಡೀ ಮಹಡಿಯ ಕಿಟಕಿಗಳನ್ನು ಒರೆಸಿದ್ದೇನೆ. "ಆಂಟೀ, ಸ್ವಲ್ಪ ಸುಮ್ನೆ ಕೂತ್ಕೊಳ್ಳಿ, ನಿಮ್ಮನ್ನ ನೋಡಿ ನಂಗೆ ನಡುಕ ಬರ್ತಿದೆ" ಅಂದಳು ಪಿಟೀಲು. ಪಿಟೀಲಿಗೇ ನಡುಕ ತರಿಸಿದ ಖ್ಯಾತಿ ನನ್ನದು.

ನಿನಗೆ ಮಾತ್ರ ಹೇಳುತ್ತೇನೆ, ಇದನ್ನು ಕಾರಿನಲ್ಲಿ ಓದಬೇಡ. ನಿನ್ನೆ ಗ್ರಂಥಾಲಯದಲ್ಲಿ ಎರಡನೇ ಸೆಮಿಸ್ಟರಿನ ಪುಸ್ತಕ ತೆಗೆದೆ. ಬೆಳಕಿನ ಪಾಠ. ಮಸೂರ, ಕನ್ನಡಿ, ಅಡ್ಡಡ್ಡ ಹೋಗುವ ಗೆರೆಗಳು. ಎರಡು ಪುಟ ತಿರುವಿ ಮುಚ್ಚಿಟ್ಟೆ. ಓದು ಯಾಕೆ ಬಿಟ್ಟೆ ಎಂದರೆ ಮದುವೆಯಾಯಿತಲ್ಲ ಎಂದು ಇಷ್ಟು ವರ್ಷ ಎಷ್ಟು ಸಲೀಸಾಗಿ ಹೇಳುತ್ತಿದ್ದೆ. ಕೇಳಿದವರೂ ಪಾಪ ಅನ್ನುತ್ತಿದ್ದರು, ಹಿತವಾಗಿರುತ್ತಿತ್ತು. ಈಗ ಮುಂದಕ್ಕೆ ಹೋಗಿ ಅರ್ಥವಾಗದೆ ಹಿಂದಿರುಗಿದರೆ ಯಾವ ಕಾರಣ ಹೇಳಲಿ? ಇನ್ನೊಂದು ಮದುವೆಯಂತೂ ಆಗುವ ಹಾಗಿಲ್ಲ.

ಅದೂ ಅಲ್ಲದೆ ನಾನಿಲ್ಲದೆ ನಿಮಗಿಬ್ಬರಿಗೂ ಕಷ್ಟ. ಅಲ್ಲವೇ? ನಿಮ್ಮಪ್ಪ ಏನನ್ನುತ್ತಾರೆ?

ಇಂತಿ,
ಅಮ್ಮ


ನವೆಂಬರ್ ೨೪

ಅಮ್ಮಾ,

ಆತುರದಲ್ಲಿ ಬರೆಯುತ್ತಿದ್ದೇನೆ. ಹಲ್ಲಿನ ಡಾಕ್ಟರು ಪಾಸು! ಇನ್ಸ್‌ಪೆಕ್ಟರು ತಮ್ಮ ಮಗನ ಮದುವೆ ಮಾತು ತೆಗೆದರಂತೆ. ಆಕೆ ಹುಡುಗಿಯ ಕಡೆಯವರ ಬಗ್ಗೆ ವಿಚಾರಿಸುತ್ತಲೇ ಹಿಮ್ಮುಖವಾಗಿ ಎರಡು ಕಂಬಗಳ ನಡುವೆ ಕಾರು ನಿಲ್ಲಿಸಿದರಂತೆ. ಪಾಸಾದರೂ ಬರುವುದು ಬಿಟ್ಟಿಲ್ಲ. "ಇನ್ನೂ ಅಭ್ಯಾಸ ಬೇಕು" ಅನ್ನುತ್ತಾರೆ. ಕಾರು ಹತ್ತಿದ ಕೂಡಲೇ "ಕಾಗದ ಬಂತಾ?" ಅಂತ ಕೇಳುತ್ತಾರೆ.

ಆದ್ದರಿಂದ, ನೀನಿಲ್ಲದೆ ನಮಗೆ ಕಷ್ಟ ಎಂಬ ನಿನ್ನ ವಾದ ಬಿದ್ದುಹೋಯಿತು. ಬೇರೆ ಹುಡುಕಿಕೋ. ನಮಗೆ ಕಷ್ಟವಿಲ್ಲ. ಬೇಜಾರಿದೆ. ಅದು ಬೇರೆ ಲೆಕ್ಕ.

ಅಪ್ಪ ಏನನ್ನುತ್ತಾರೆ ಎಂದು ಕೇಳಿದ್ದೀಯ. ಇವತ್ತು ಬೆಳಿಗ್ಗೆಯಿಂದ ಅಂದದ್ದು ಇಷ್ಟು: "ಕ್ಲಚ್."

ಇಂತಿ,
ಮಗಳು


ಡಿಸೆಂಬರ್ ೬

ಮಗಳೇ,

ಬರೆಯುವ ಪರೀಕ್ಷೆಗಳೆಲ್ಲ ಚೆನ್ನಾಗಿ ಆದವು. ಹೀಗೆ ಶುರುಮಾಡಿದ್ದೇನೆಂದರೆ ಮುಂದೆ ಏನೋ ಇದೆ ಎಂದು ನೀನು ಊಹಿಸಿರುತ್ತೀಯ.

ಇವತ್ತು ಪ್ರಾಕ್ಟಿಕಲ್. ಹೊರಗಿನ ಕಾಲೇಜಿನಿಂದ ಪರೀಕ್ಷಕರು ಬಂದಿದ್ದರು. ಮೂಗಿನ ತುದಿಯಲ್ಲಿ ಕನ್ನಡಕ, ನಕ್ಕರೆ ದಂಡ ಬೀಳುತ್ತದೆ ಎಂಬ ಮುಖ. ಲೋಲಕದ ಪ್ರಯೋಗ. ದಾರಕ್ಕೆ ಗುಂಡು ಕಟ್ಟಿ ತೂಗಬಿಟ್ಟು ಸ್ಟಾಪ್‌ವಾಚಿನಲ್ಲಿ ಕಾಲ ಅಳೆಯುವುದು, ಅಷ್ಟೇ. ನಾನು ನನ್ನದನ್ನು ಅರ್ಧ ಮುಗಿಸಿದ್ದೆ. ಪಕ್ಕದ ಮೇಜಿನಲ್ಲಿ ಪಿಟೀಲು ಇದ್ದಳು. ಅವಳ ಕೈ ಎಷ್ಟು ನಡುಗುತ್ತಿತ್ತೆಂದರೆ ಗುಂಡಿಗಿಂತ ಅವಳೇ ಹೆಚ್ಚು ತೂಗುತ್ತಿದ್ದಳು. ಕಣ್ಣಲ್ಲಿ ನೀರು. ಗಡಿಯಾರದ ಗುಂಡಿ ಒತ್ತಲಾಗುತ್ತಿಲ್ಲ.

ಯೋಚನೆ ಮಾಡಿ ಮಾಡಿದ್ದಲ್ಲ ಮಗಳೇ. ಬಾಯಿ ತಾನಾಗಿ ಆಡಿತು. ಮುಖ ತಿರುಗಿಸದೆ, ಮೆಲ್ಲಗೆ, "ಏನಮ್ಮಾ, ಬೆಳಿಗ್ಗೆ ನಲ್ಲಿ ನಿಲ್ಲಿಸಿದ್ಯಾ?" ಅಂದೆ.

"ನಿಲ್ಲಿಸ್ದೆ ಆಂಟಿ."

"ಕಿಟಕಿ?"

"ಹಾಕ್ದೆ."

"ಬಕೆಟ್ಟು ಒಳಗಿಟ್ಯಾ?"

"ಇಟ್ಟೆ ಆಂಟಿ." ಕೈ ನಿಂತಿತ್ತು. ಗುಂಡು ತೂಗಿತು, ಅವಳು ಎಣಿಸತೊಡಗಿದಳು. ನನಗೆ ನಮ್ಮ ಕಾರಿನ ಹಿಂದಿನ ಸೀಟಿನಲ್ಲೇ ಕೂತಂತೆ ಹಾಯೆನಿಸಿತು. ತಲೆ ಎತ್ತಿದರೆ ಪರೀಕ್ಷಕರು ಎದುರಿಗೇ ನಿಂತಿದ್ದಾರೆ.

"ನಲ್ಲಿ ಅಂದ್ರೆ ಏನು?" ಅಂದರು.

"ನಲ್ಲಿ ಅಂದ್ರೆ ನಲ್ಲೀನೇ ಸರ್. ನೀರು ಬರುತ್ತಲ್ಲ."

"ಕಿಟಕಿ ಅಂದ್ರೆ ಉದ್ದಾನಾ, ಕಾಲಾನಾ? ಬಕೆಟ್ಟು ಎಷ್ಟು?"

ಸಂಕೇತ ಭಾಷೆಯಲ್ಲಿ ಉತ್ತರ ಹೇಳಿಕೊಟ್ಟೆ ಎಂದು ಅವರ ತೀರ್ಮಾನ. ನಾನು ವಿವರಿಸಲು ಹೋದೆ. ಅದೇ ತಪ್ಪಾಯಿತು. "ಸರ್, ನಮ್ಮ ಮನೆಯೋರು ಡ್ರೈವಿಂಗ್ ಹೇಳ್ಕೊಡ್ತಾರೆ, ನಾನು ಹಿಂದೆ ಕೂತು ಗ್ಯಾಸ್ ಆಫ್ ಮಾಡಿದ್ರಾ ಅಂತ ಕೇಳ್ತೀನಿ" ಅಂದೆ. "ಓಹೋ, ಗ್ಯಾಸ್ ಬೇರೆ ಇದ್ಯಾ?" ಅಂತ ಅದನ್ನೂ ಬರೆದುಕೊಂಡರು. ಹೇಳಿದಷ್ಟೂ ಗಂಟು ಬಿಗಿಯಾಯಿತು. ಕೊನೆಗೆ "ಕೇಳಿದ್ದು ನಾನು ಸರ್. ಅವಳು ದೊಡ್ಡವರಿಗೆ ಉತ್ತರ ಕೊಟ್ಟಳು, ಅಷ್ಟೇ" ಅಂದೆ. ಅವಳನ್ನು ಬಿಟ್ಟರು. ನನ್ನ ಪ್ರಾಕ್ಟಿಕಲ್ ರದ್ದು. ಎರಡನೇ ಸೆಮಿಸ್ಟರಿನ ಜೊತೆಗೆ ಇದನ್ನೂ ಮತ್ತೆ ಮಾಡಬೇಕಂತೆ.

ನಮ್ಮ ಮೇಷ್ಟ್ರು ಹೊರಗೆ ಬಂದು "ಮುಂದಿನ ಸಲ ಮಾಡಿದ್ರಾಯ್ತು ಮೇಡಂ, ದೊಡ್ಡ ವಿಷಯ ಅಲ್ಲ" ಅಂದರು. ಅವರಿಗೆ ಅಲ್ಲ. ಮೊದಲ ಸೆಮಿಸ್ಟರ್ ಒಂದು ನನ್ನನ್ನು ಜನ್ಮದಲ್ಲಿ ಬಿಡುವಂತೆ ಕಾಣುವುದಿಲ್ಲ. ಹದಿನೆಂಟರ ಹುಡುಗಿಯರ ಎದುರಿಗೆ ನಕಲು ಮಾಡಿದವಳೆಂದು ಹೊರಗೆ ನಿಂತೆ. ಸಾಕು. ಅಲ್ಲಿ ಹಿಂದಿನ ಸೀಟಿನಲ್ಲಿ ಕೂತು ಇದೇ ಮಾತು ಆಡಿದರೆ ಜನ ಪಾಸಾಗುತ್ತಾರೆ.

ನಿಮ್ಮಪ್ಪನಿಗೆ ಹೇಳು. ಹದಿನೈದಕ್ಕೆ ಕಾರು ತರಲಿ. ಹಾಸಿಗೆ ಸಮೇತ ಬರುತ್ತೇನೆ.

ಇಂತಿ,
ಅಮ್ಮ


ಡಿಸೆಂಬರ್ ೧೦

ಅಮ್ಮಾ,

ಈ ಕಾಗದವನ್ನು ಮೊದಲು ಒಬ್ಬಳೇ ಓದಬೇಕಿತ್ತು. ಓದಲಿಲ್ಲ. ಅಂಚೆಯವರು ಕೊಟ್ಟದ್ದನ್ನು ಹಾಗೇ ಹಿಡಿದು ಕಾರು ಹತ್ತಿದೆ. ಡಾಕ್ಟರು ಓಡಿಸುತ್ತಿದ್ದರು, ನಾನು ಜೋರಾಗಿ ಓದತೊಡಗಿದೆ. ಪರೀಕ್ಷಕರ ಮೂಗಿನ ತುದಿಗೆ ನಕ್ಕರು. ಬಕೆಟ್ಟು ಎಷ್ಟು ಅನ್ನುವಲ್ಲಿ ಆಕೆ ನಕ್ಕು ಹಾರನ್ನೇ ಒತ್ತಿಬಿಟ್ಟರು. ಆಮೇಲೆ ರದ್ದು ಅನ್ನುವಲ್ಲಿಗೆ ಬಂದೆ. ನಿಲ್ಲಿಸಬೇಕಿತ್ತು. ಓದುವ ಓಟದಲ್ಲಿ ನಾಲಿಗೆ ನಿಲ್ಲಲಿಲ್ಲ. "ಹಾಸಿಗೆ ಸಮೇತ ಬರುತ್ತೇನೆ" ಅಂದೆ.

ಕಾರು ಗಕ್ಕನೆ ನಿಂತಿತು. ಅಗಲವಾದ ಖಾಲಿ ರಸ್ತೆ. ಮುಂದೆ ನಾಯಿ ಇಲ್ಲ, ನರಪಿಳ್ಳೆ ಇಲ್ಲ. ಡಾಕ್ಟರು "ನಾನೇನೂ ಮಾಡ್ಲಿಲ್ಲಪ್ಪ!" ಅಂತ ಎರಡೂ ಕೈ ಮೇಲೆತ್ತಿದರು. ಕೆಳಗೆ ನೋಡಿದರೆ ಅಪ್ಪನ ಕಾಲು ಎರಡನೇ ಬ್ರೇಕಿನ ಮೇಲೆ. ತೆಗೆಯಲೇ ಇಲ್ಲ. ಹಿಂದಿನಿಂದ ಒಂದು ಬಸ್ಸು ಬಂದು ಬೈದುಕೊಂಡು ಹೋಯಿತು.

ಗಾಜಿನಾಚೆ ನೋಡುತ್ತಲೇ ಅಂದರು: "ಡಿಕ್ಕಿಯಲ್ಲಿ ಸ್ಟೆಪ್ನಿ ಇದೆ. ಹಾಸಿಗೆಗೆ ಜಾಗ ಇಲ್ಲ ಅಂತ ಬರಿ."

"ಹಿಂದಿನ ಸೀಟಲ್ಲಿ ಇಡಬಹುದಲ್ಲಪ್ಪ" ಅಂದೆ, ನನ್ನ ಬುದ್ಧಿಗಿಷ್ಟು.

"ಹಿಂದಿನ ಸೀಟಲ್ಲಿ ಹಾಸಿಗೆ ಇಟ್ರೆ ಅವಳೆಲ್ಲಿ ಕೂರ್ತಾಳೆ? ಬರೀ ಬಟ್ಟೆ ಚೀಲ ತರ್ಲಿ. ಹಾಸಿಗೆ ಅಲ್ಲೇ ಇರ್ಲಿ. ಮೇಡಂ, ಮೊದಲನೇ ಗೇರ್."

ನಾನು ಹೇಳುವುದು ಏನೂ ಇಲ್ಲ. ನೀನು ಬಂದರೆ ನನ್ನ ಹೊಟ್ಟೆ ತಣ್ಣಗಿರುತ್ತದೆ. ಆದ್ದರಿಂದ ನನ್ನ ಅಭಿಪ್ರಾಯವನ್ನು ಯಾರೂ ಕೇಳಬಾರದು.

ಅಪ್ಪ ಹದಿನೈದಕ್ಕೆ ಬರುತ್ತಾರೆ.

ಇಂತಿ,
ಸ್ಟೆಪ್ನಿ


ಜನವರಿ ೫

ಕಳ್ಳಿ,

ಮೂರು ವಾರ ಮನೆಯಲ್ಲಿದ್ದಾಗ ಒಬ್ಬರೂ "ಮುಂದೇನು" ಎಂದು ಕೇಳಲಿಲ್ಲ. ಅಪ್ಪ ಕೇಳಲಿಲ್ಲ, ನೀನು ಕೇಳಲಿಲ್ಲ, ಹಲ್ಲಿನ ಡಾಕ್ಟರು ಕೂಡ ನನ್ನ ಹಲ್ಲನ್ನಷ್ಟೇ ವಿಚಾರಿಸಿದರು. ನಾನೂ ಹಿಂದಿನ ಸೀಟಿನಲ್ಲಿ ಕೂತು ಎಲ್ಲರ ಗ್ಯಾಸು, ನಲ್ಲಿ ವಿಚಾರಿಸಿಕೊಂಡು ತೆಪ್ಪಗಿದ್ದೆ. ಇವತ್ತು ಬೆಳಿಗ್ಗೆ ನಿಮ್ಮಪ್ಪ "ಹಾಸಿಗೆ ತರೋಕೆ ಹೋಗೋಣ್ವಾ?" ಅಂದಾಗ ನಾನು ನಂಬಿದೆ. ಎದೆಯೊಳಗೆ ಏನೋ ಕುಸಿಯಿತು, ಹಗುರವೂ ಆಯಿತು. ಯಾವುದು ಮೊದಲೋ ಗೊತ್ತಿಲ್ಲ.

ಕಾರಿನ ಹತ್ತಿರ ಬಂದರೆ ಅವರು ಹಿಂದಿನ ಬಾಗಿಲು ತೆಗೆದು ತಾವೇ ಕೂತುಬಿಟ್ಟರು.

"ಇದೇನ್ರೀ?"

"ನೀನೇ ಓಡಿಸು. ಲೈಸೆನ್ಸ್ ಇದೆಯಲ್ಲ."

ಇದೆ. ನಮ್ಮ ಸ್ಕೂಲಿನ ಮೊದಲ ವಿದ್ಯಾರ್ಥಿನಿ ನಾನೇ. ಲೈಸೆನ್ಸ್ ಬಂದ ಮಾರನೇ ದಿನ ಹಿಂದಿನ ಸೀಟಿಗೆ ಹೋದವಳು, ಆಮೇಲೆ ನವೀಕರಿಸುವುದಕ್ಕೆ ಬಿಟ್ಟರೆ ಅದನ್ನು ಹೊರಗೆ ತೆಗೆದಿಲ್ಲ. ಹೊಸ ಸೀರೆಯ ಹಾಗಿದೆ. "ಎರಡನೇ ಬ್ರೇಕಲ್ಲಿ ಯಾರು ಕೂರ್ತಾರೆ?" ಅಂದೆ. ಆ ಸೀಟಿನಲ್ಲಿ ನನ್ನ ಪುಸ್ತಕದ ಚೀಲ ಕೂತಿತ್ತು. ಹಾಸಿಗೆ ತರುವುದಕ್ಕೆ ಪುಸ್ತಕ ಯಾಕೆ ಎಂದು ಆಗಲೇ ಕೇಳಬೇಕಿತ್ತು. ಕೇಳುವಷ್ಟು ಜೀವ ಇರಲಿಲ್ಲ. ನನ್ನ ಕೈಯನ್ನು ಪಿಟೀಲು ನೋಡಿದ್ದರೆ ಶಿಷ್ಯೆಯಾಗಿ ಸೇರಿಕೊಳ್ಳುತ್ತಿದ್ದಳು.

ದೊಡ್ಡ ರಸ್ತೆಗೆ ಬಂದೆ. ಹಿಂದಿನಿಂದ ಒಂದು ಗಂಟಲು ಸರಿಮಾಡಿಕೊಂಡಿತು.

"ಗ್ಯಾಸ್ ಆಫ್ ಮಾಡಿದ್ಯಾ?"

ನಿನ್ನ ಅಪ್ಪ, ಮಗಳೇ! ಕ್ಲಚ್ ಎಂಬ ಒಂದೇ ಶಬ್ದದಲ್ಲಿ ಸಂಸಾರ ಮಾಡಿದ ಮನುಷ್ಯ!

"ಮಾಡ್ದೆ ರೀ."

"ಉಪ್ಪಿನ ಡಬ್ಬಿ?"

"ಅಕ್ಕಿ ಡಬ್ಬೀಲಿದೆ."

"ಗೊತ್ತು. ಸುಮ್ನೆ ಕೇಳ್ದೆ."

ಹೇಳುವುದನ್ನೆಲ್ಲ ಹೇಳಿ ಖಾಲಿಯಾದರು ಅಂದುಕೊಂಡೆ. ಆಮೇಲೆ ಅಂದರು: "ಆವಾಗ ಬಿಟ್ಟೆಯಲ್ಲ, ಎರಡನೇ ಸೆಮಿಸ್ಟರ್. ಅದರಲ್ಲಿ ಏನಿತ್ತು?"

ಇಪ್ಪತ್ನಾಲ್ಕು ವರ್ಷದಲ್ಲಿ ಕೇಳದ ಪ್ರಶ್ನೆ. ಉತ್ತರ ತುಟಿಯ ಮೇಲೇ ಇತ್ತು. "ಬೆಳಕು" ಅಂದೆ. "ಮಸೂರ, ಕನ್ನಡಿ."

"ಕೇಳೋಣ ಕೇಳೋಣ ಅಂತಿದ್ದೆ. ಮುಂದಿನ ಸೀಟಲ್ಲಿ ಕೂತು ಇಂಥದ್ದೆಲ್ಲ ಕೇಳೋಕಾಗಲ್ಲ ಕಣೇ. ಕಾಲು ಬ್ರೇಕ್ ಮೇಲಿರುತ್ತೆ."

"ಅರ್ಥ ಆಗ್ದೇ ಹೋದ್ರೆ? ಫೇಲಾದ್ರೆ?"

"ಹಲ್ಲಿನ ಡಾಕ್ಟ್ರು ಫೇಲಾದ್ರು. ಈಗ ದಿನಾ ಬಂದು ನನ್ನ ಪೆಟ್ರೋಲ್ ಸುಡ್ತಿಲ್ವಾ?"

ನಕ್ಕುಬಿಟ್ಟೆ. ತಲೆ ಎತ್ತಿ ನೋಡಿದರೆ ಹಾಸ್ಟೆಲಿನ ಗೇಟು. ಸೇತುವೆ ಎಲ್ಲಿ ಹೋಯಿತು, ಲಾರಿಗಳೆಲ್ಲಿ ಹೋದವು, ಆ ದೊಡ್ಡ ವೃತ್ತ ಎಲ್ಲಿ ಸುತ್ತಿದೆ, ಒಂದೂ ನೆನಪಿಲ್ಲ. ಕನ್ನಡಿಯಲ್ಲಿ ನೋಡಿದೆ. ಅವರ ಮುಖವನ್ನು ಹಾಗೆ ಹಿಂದಿನ ಸೀಟಿನಲ್ಲಿ ನೋಡಿದ್ದು ಇದೇ ಮೊದಲು. ಎರಡೂ ಕಾಲು ಮಡಚಿ ಸೀಟಿನ ಮೇಲಿಟ್ಟು ಚಕ್ಕಳಮಕ್ಕಳ ಹಾಕಿ ಕೂತಿದ್ದರು.

ಹಾಸಿಗೆ ಹೊತ್ತು ತರೋಣ ಎಂದು ಡಿಕ್ಕಿ ತೆಗೆದೆ. ನನ್ನ ಬಟ್ಟೆ ಚೀಲ, ಒಂದು ಬಕೆಟ್ಟು, ಹೊದಿಕೆ, ಹೊಸದೊಂದು ಟೇಬಲ್ ಲ್ಯಾಂಪು. ಎಲ್ಲ ನೀನೇ ತುಂಬಿದ್ದು ಅಂತ ಜೋಡಿಸಿದ ಅಂದಗೇಡಿನಲ್ಲೇ ಗೊತ್ತಾಯಿತು. ಅವರು ಪಕ್ಕಕ್ಕೆ ಬಂದು ನಿಂತು, ಬಹಳ ವ್ಯಥೆಯಿಂದ ತಲೆ ಆಡಿಸಿದರು.

"ಇವತ್ತೂ ಜಾಗ ಇಲ್ಲ ಕಣೇ."

ಹಾಸಿಗೆ ಇದ್ದಲ್ಲೇ ಇದೆ. ಅದರ ಮೇಲೆ ಕೂತು ಬರೆಯುತ್ತಿದ್ದೇನೆ. ಪಿಟೀಲು ಟೀ ತಂದಳು. ಮುಕ್ಕಾಲು ಲೋಟ ಉಳಿದಿತ್ತು.

ಇಂತಿ,
ಎರಡನೇ ಸೆಮಿಸ್ಟರಿನ ಅಮ್ಮ


ಜನವರಿ ೧೯

ಇವಳೇ,

ಕಾಗದ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದು.

ಕಾರು ಚೆನ್ನಾಗಿದೆ. ನೀನು ಗೇರ್ ಬದಲಿಸುವಾಗ ಕ್ಲಚ್ ಪೂರ್ತಿ ಒತ್ತುವುದಿಲ್ಲ. ಅವತ್ತು ಹೇಳಲಿಲ್ಲ. ಇನ್ನು ಬೇರೆ ತಪ್ಪೇನೂ ಇರಲಿಲ್ಲ.

ಮನೆಯಲ್ಲಿ ಅನ್ನ ಸರಿಯಾಗಿ ಆಗುತ್ತಿದೆ. ವಾಷರ್ ಹಾಕುತ್ತಿದ್ದೇವೆ.

ಪ್ರಾಕ್ಟಿಕಲ್ ದಿನ ಯಾರ ಹತ್ತಿರವೂ ಮಾತಾಡಬೇಡ. ಮಾತಾಡಲೇಬೇಕು ಅನ್ನಿಸಿದರೆ ಹೊರಗೆ ಬಂದಮೇಲೆ ನನಗೆ ಬರೆ. ನಲ್ಲಿ ನಾನು ನಿಲ್ಲಿಸಿರುತ್ತೇನೆ.

ಬೆಳಕಿನ ಪಾಠ ಎಲ್ಲಿಯವರೆಗೆ ಬಂತು? ಹಲ್ಲಿನ ಡಾಕ್ಟರು ಕೇಳುತ್ತಿದ್ದಾರೆ.

ಹಿಂದಿನ ಸೀಟಿನಲ್ಲಿ ಮಗಳು ಈಗ ಚೆನ್ನಾಗಿ ಮಾತಾಡುತ್ತಾಳೆ. ಮೊನ್ನೆ ನಾನಿಲ್ಲದಾಗ ನನ್ನ ಕನ್ನಡಿಯನ್ನು ಸರಿಮಾಡಿ ರಸ್ತೆ ಕಾಣುವ ಹಾಗೆ ಇಟ್ಟಿದ್ದಳು. ನಾನು ಅದನ್ನು ಮತ್ತೆ ಮೊದಲಿನ ಹಾಗೇ ತಿರುಗಿಸಿಟ್ಟೆ. ರಸ್ತೆ ನನಗೆ ಗೊತ್ತಿರುವುದೇ.

ಇಂತಿ,
ಹಿಂದಿನ ಸೀಟಿನವನು